ಶಿಪ್ಪಿಂಗ್ ಹಂತದಲ್ಲೇ ಗಿರಾಕಿ ವಾಪಸ್ ಹೋಗುತ್ತಿದ್ದರೆ ಎಲ್ಲಿ ಹುಡುಕಬೇಕು?

ಆನ್‌ಲೈನ್ ಅಂಗಡಿ ನಡೆಸುವವರ ದೂರು ಸಾಮಾನ್ಯವಾಗಿ ಹೀಗಿರುತ್ತದೆ: ಜನ ಬರುತ್ತಾರೆ, ಕಾರ್ಟ್‌ಗೆ ಹಾಕುತ್ತಾರೆ, ವಿಳಾಸವನ್ನೂ ತುಂಬುತ್ತಾರೆ, ದುಡ್ಡು ಕಟ್ಟುವ ಮೊದಲೇ ಮಾಯ. ಇದಕ್ಕೆ ತಕ್ಷಣ ಸಿಗುವ ಸಲಹೆಯೂ ಒಂದೇ: "ಶಿಪ್ಪಿಂಗ್ ಫ್ರೀ ಮಾಡಿಬಿಡಿ, ಎಲ್ಲಾ ಸರಿಹೋಗುತ್ತೆ."

ಸ್ವಲ್ಪ ತಡೆಯಿರಿ. ಚೆಕೌಟ್ (ಕಾರ್ಟ್‌ನಿಂದ ದುಡ್ಡು ಕಟ್ಟುವವರೆಗಿನ ಹಂತಗಳು) ಬಿಟ್ಟುಹೋಗುವ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡುತ್ತಿರುವ ಬೇಮಾರ್ಡ್ ಇನ್‌ಸ್ಟಿಟ್ಯೂಟ್ ಲೆಕ್ಕದಲ್ಲಿ, ತುಂಬಿದ ಕಾರ್ಟ್‌ಗಳಲ್ಲಿ ಸರಾಸರಿ 70 ಶೇಕಡಾದಷ್ಟು ಖರೀದಿಯಾಗದೇ ಉಳಿಯುತ್ತವೆ. ಸುಮ್ನೆ ನೋಡಲು ಬಂದವರನ್ನು ಬಿಟ್ಟರೆ, ಜನ ಹೇಳುವ ದೊಡ್ಡ ಕಾರಣ ಕೊನೆಗೆ ಸೇರಿಕೊಳ್ಳುವ ಶಿಪ್ಪಿಂಗ್, ತೆರಿಗೆ ಮುಂತಾದ ಖರ್ಚುಗಳು. ಹಾಗಾಗಿ ದರದ ಮೇಲೆ ಅನುಮಾನ ಪಡುವುದು ತಪ್ಪಲ್ಲ. ಆದರೆ ನಿಮ್ಮ ಅಂಗಡಿಯಲ್ಲಿ ದರ ಜಾಸ್ತಿಯಾಗಿ ಜನ ಹೋಗುತ್ತಿದ್ದಾರೋ, ದರವೇ ಕಾಣಿಸದೆ ಹೋಗುತ್ತಿದ್ದಾರೋ, ಪಾರ್ಸೆಲ್ ಯಾವಾಗ ಬರುತ್ತದೆ ಅಂತ ತಿಳಿಯದೆ ಹೋಗುತ್ತಿದ್ದಾರೋ? ಹೊರಗಿನಿಂದ ನೋಡಿದರೆ ಮೂರೂ ಒಂದೇ ತರಹ ಕಾಣುತ್ತವೆ. ಮೂರಕ್ಕೂ ಪರಿಹಾರ ಬೇರೆ ಬೇರೆ. ಅದಕ್ಕೇ ಈ ಕೈಪಿಡಿಯ ಕ್ರಮ ಹೀಗಿದೆ: ಮೊದಲು ಆಯ್ಕೆ ಬರುತ್ತಿದೆಯಾ ನೋಡಿ, ಆಮೇಲೆ ದರ ಸರಿಯಿದೆಯಾ ನೋಡಿ, ಕೊನೆಗೆ ಆಯ್ಕೆಯ ಗುಣ ನೋಡಿ. ಫ್ರೀ ಶಿಪ್ಪಿಂಗ್ ಮಾತು ಅದಕ್ಕೂ ಆಚೆ.

ಮೊದಲು: ಯಾವ ಮೆಟ್ಟಿಲಲ್ಲಿ ಬಿಡುತ್ತಿದ್ದಾರೆ?

ಸೈಟ್‌ಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ 4 ಇದ್ದರೆ ಅದರಲ್ಲಿ ನಾಲ್ಕು ಇವೆಂಟ್‌ಗಳನ್ನು (ಗಿರಾಕಿ ಮಾಡಿದ ಕೆಲಸದ ದಾಖಲೆ) ಸಾಲಾಗಿ ಇಟ್ಟು ಫನೆಲ್, ಅಂದರೆ ಪ್ರತಿ ಹಂತದಲ್ಲಿ ಎಷ್ಟು ಜನ ಉಳಿದರು ಅನ್ನುವ ಪಟ್ಟಿ, ಮಾಡಿ: ಬಿಗಿನ್ ಚೆಕೌಟ್, ಆ್ಯಡ್ ಶಿಪ್ಪಿಂಗ್ ಇನ್ಫೋ, ಆ್ಯಡ್ ಪೇಮೆಂಟ್ ಇನ್ಫೋ, ಪರ್ಚೇಸ್. ಮೊದಲ ಎರಡರ ನಡುವೆ ದೊಡ್ಡ ಕುಸಿತ ಇದ್ದರೆ ಸಮಸ್ಯೆ ವಿಳಾಸ ಅಥವಾ ಶಿಪ್ಪಿಂಗ್ ಹಂತದಲ್ಲಿದೆ. ಶಿಪ್ಪಿಂಗ್ ದಾಟಿ ಪೇಮೆಂಟ್‌ನಲ್ಲಿ ಬೀಳುತ್ತಿದ್ದರೆ ಬೇರೆ ಕಡೆ ಹುಡುಕಬೇಕು. ಅಲ್ಲಿ ದುಡ್ಡು ಸ್ವೀಕರಿಸುವ ಪೇಮೆಂಟ್ ಗೇಟ್‌ವೇ ತಕರಾರು ಇರಬಹುದು, ಅಥವಾ ಶಿಪ್ಪಿಂಗ್ ಸೇರಿದ ಒಟ್ಟು ಮೊತ್ತ ಅಲ್ಲೇ ಮೊದಲ ಬಾರಿ ಕಣ್ಣಿಗೆ ಬೀಳುತ್ತಿರಬಹುದು.

ಒಂದು ಎಚ್ಚರಿಕೆ. ಒಂದೇ ಪುಟದ ಚೆಕೌಟ್ ಇರುವ ಎಷ್ಟೋ ಅಂಗಡಿಗಳಲ್ಲಿ ಶಿಪ್ಪಿಂಗ್ ಇವೆಂಟ್ ಸರಿಯಾಗಿ ಹೋಗುತ್ತಲೇ ಇರುವುದಿಲ್ಲ. ಕೆಲವು ಕಡೆ "ಪ್ಲೇಸ್ ಆರ್ಡರ್" ಒತ್ತಿದಾಗ ಕೊನೆಯ ಮೂರೂ ಇವೆಂಟ್ ಒಟ್ಟಿಗೆ ಹೋಗುತ್ತವೆ. ಆ ಅಂಕಿ ನಂಬಿದರೆ ಶಿಪ್ಪಿಂಗ್ ಹಂತದಲ್ಲೇ ಎಲ್ಲರೂ ಬಿಡುತ್ತಿದ್ದಾರೆ ಅನಿಸುತ್ತದೆ. ನೀವೇ ಒಂದು ಟೆಸ್ಟ್ ಆರ್ಡರ್ ಹಾಕಿ, ಅನಲಿಟಿಕ್ಸ್‌ನ ಡಿಬಗ್ ವ್ಯೂನಲ್ಲಿ (ಇವೆಂಟ್‌ಗಳನ್ನು ಬಂದ ಹಾಗೇ ತೋರಿಸುವ ಪುಟ) ಯಾವ ಇವೆಂಟ್ ಯಾವಾಗ ಬರುತ್ತದೆ ನೋಡಿಕೊಳ್ಳಿ. ಶಿಪ್ಪಿಂಗ್ ಇವೆಂಟ್ ಜೊತೆ ಶಿಪ್ಪಿಂಗ್ ಟಿಯರ್ ಅನ್ನುವ ಮಾಹಿತಿಯನ್ನೂ ಕಳಿಸಬಹುದು. ಅದರಲ್ಲಿ ಗಿರಾಕಿ ಯಾವ ಆಯ್ಕೆ ಆರಿಸಿದ ಅಂತ ಸಿಗುತ್ತದೆ. ಮುಂದೆ ಬೇಕಾಗುತ್ತದೆ, ಈಗಲೇ ಹಾಕಿಡಿ.

ಫನೆಲ್ ಸಿಕ್ಕಮೇಲೆ ಅದನ್ನು ಊರು, ಡಿವೈಸ್, ಕಾರ್ಟ್ ಮೊತ್ತದ ಪ್ರಕಾರ ಒಡೆದು ನೋಡಿ. ಕುಸಿತ ಎಲ್ಲಾ ಕಡೆ ಒಂದೇ ಸಮ ಇದ್ದರೆ ಕಾರಣ ದರ ಅಥವಾ ಪುಟದ ವಿನ್ಯಾಸ ಇರಬಹುದು. ಒಂದೇ ಪ್ರದೇಶದಲ್ಲಿ ಅಥವಾ ಯಾವುದೋ ಒಂದು ನಿರ್ದಿಷ್ಟ ವಸ್ತು ಇರುವ ಕಾರ್ಟ್‌ಗಳಲ್ಲಿ ಮಾತ್ರ ಇದ್ದರೆ ಬಹುತೇಕ ಅದು ಸೆಟ್ಟಿಂಗ್ಸ್ ತಪ್ಪು.

ಜೊತೆಗೆ ಐದು ಟೆಸ್ಟ್ ಕಾರ್ಟ್ ಸಿದ್ಧ ಮಾಡಿಕೊಳ್ಳಿ: ಹಗುರವಾದ ಒಂದೇ ವಸ್ತು, ಭಾರದ ವಸ್ತು, ತೂಕ ಕಡಿಮೆ ಆದರೆ ಡಬ್ಬ ದೊಡ್ಡದು ಅನ್ನುವಂಥದ್ದು, ಬೇರೆ ಬೇರೆ ವಿಭಾಗದ ಮೂರು ವಸ್ತು, ಫ್ರೀ ಶಿಪ್ಪಿಂಗ್ ಮಿತಿಗಿಂತ ಸ್ವಲ್ಪವೇ ಮೇಲಿರುವ ಕಾರ್ಟ್, ಅದಕ್ಕೊಂದು ಕೂಪನ್. ಇವನ್ನು ಹತ್ತಿರದ ಒಂದು ವಿಳಾಸಕ್ಕೆ, ದೂರದ ಒಂದು ವಿಳಾಸಕ್ಕೆ, ಕೊರಿಯರ್‌ನವರು ಗೊಣಗುವ ಒಂದು ಮೂಲೆಯ ವಿಳಾಸಕ್ಕೆ ಹಾಕಿ ನೋಡಿ. ಇನ್‌ಕಾಗ್ನಿಟೋ ಕಿಟಕಿಯಲ್ಲಿ, ಅಡ್ಮಿನ್ ಲಾಗಿನ್ ಇಲ್ಲದೆ, ಮೊಬೈಲ್‌ನಲ್ಲಿ. ಅಂಗಡಿ ಮಾಲೀಕರು ತಮ್ಮ ಲ್ಯಾಪ್‌ಟಾಪ್‌ನಲ್ಲಿ, ಉಳಿಸಿಟ್ಟ ವಿಳಾಸದೊಂದಿಗೆ ನೋಡಿ "ನನಗೆ ಸರಿಯಾಗೇ ಬರುತ್ತಿದೆಯಲ್ಲ" ಅನ್ನುವುದೇ ಅರ್ಧ ಸಮಸ್ಯೆ.

ಲಕ್ಷಣ: ಯಾವ ಶಿಪ್ಪಿಂಗ್ ಆಯ್ಕೆಯೂ ಬರುತ್ತಿಲ್ಲ

"ನಿಮ್ಮ ವಿಳಾಸಕ್ಕೆ ಶಿಪ್ಪಿಂಗ್ ಲಭ್ಯವಿಲ್ಲ" ಅನ್ನುವ ಸಂದೇಶ ಬಂದರೆ ಗಿರಾಕಿ ನಿಮಗೆ ಫೋನ್ ಮಾಡಿ ಕೇಳುವುದಿಲ್ಲ. ಬೇರೆ ಅಂಗಡಿಗೆ ಹೋಗುತ್ತಾನೆ, ಅಷ್ಟೇ. ಆದ್ದರಿಂದ ಈ ದೋಷ ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿಯಬಹುದು.

ಮೊದಲು ಜೋನ್ ನೋಡಿ, ಅಂದರೆ ಒಂದೇ ಶಿಪ್ಪಿಂಗ್ ವಿಧಾನಗಳು ಅನ್ವಯವಾಗುವ ಪ್ರದೇಶ. ಆನ್‌ಲೈನ್ ಅಂಗಡಿ ನಡೆಸುವ ಸಾಫ್ಟ್‌ವೇರ್ ವೂಕಾಮರ್ಸ್‌ನಲ್ಲಿ ಜೋನ್‌ಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಲಾಗುತ್ತದೆ. ವಿಳಾಸಕ್ಕೆ ಮೊದಲು ಹೊಂದುವ ಜೋನ್ ಯಾವುದೋ ಅದೇ ಅಂತಿಮ, ಕೆಳಗಿನವನ್ನು ಅದು ನೋಡುವುದೇ ಇಲ್ಲ. ಇಡೀ ದೇಶದ ಜೋನ್ ಮೇಲಿದ್ದು, ನಗರದ ಪಿನ್ ಕೋಡ್‌ಗಳ ಜೋನ್ ಕೆಳಗಿದ್ದರೆ ನಗರದ "ಅದೇ ದಿನ ಡೆಲಿವರಿ" ಯಾರಿಗೂ ಕಾಣುವುದಿಲ್ಲ. ಸಣ್ಣ ಪ್ರದೇಶ ಮೇಲೆ, ದೊಡ್ಡದು ಕೆಳಗೆ ಇಡಬೇಕು. ಯಾವ ಜೋನ್‌ಗೂ ಸೇರದ ವಿಳಾಸಗಳಿಗೆ ಕೊನೆಯಲ್ಲೊಂದು ಸಾಲು ಇರುತ್ತದೆ. ಅದರಲ್ಲಿ ಯಾವ ವಿಧಾನವೂ ಇಲ್ಲದಿದ್ದರೆ ಅಂಥ ಗಿರಾಕಿಗೆ ಖಾಲಿ ಪುಟವೇ ಗತಿ. ಶಿಪ್ಪಿಂಗ್ ಸೆಟ್ಟಿಂಗ್ಸ್‌ನಲ್ಲಿ ಡಿಬಗ್ ಮೋಡ್ ಆನ್ ಮಾಡಿದರೆ ಯಾವ ಜೋನ್ ಹೊಂದಿತು ಅಂತ ಚೆಕೌಟ್‌ನಲ್ಲೇ ತೋರಿಸುತ್ತದೆ, ಉಳಿಸಿಟ್ಟ ಹಳೆಯ ದರಗಳನ್ನೂ ಬದಿಗಿಡುತ್ತದೆ. ಕೆಲಸ ಮುಗಿದ ಮೇಲೆ ಆಫ್ ಮಾಡಿ.

ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಶಾಪಿಫೈನಲ್ಲಿ ನೋಡಬೇಕಾದ್ದು ಶಿಪ್ಪಿಂಗ್ ಪ್ರೊಫೈಲ್: ಯಾವ ವಸ್ತುಗಳಿಗೆ ಎಲ್ಲಿಗೆ ಯಾವ ದರ ಅನ್ನುವ ನಿಯಮಗಳ ಗುಂಪು. ವಸ್ತು ಒಂದು ಕಸ್ಟಮ್ ಪ್ರೊಫೈಲ್‌ನಲ್ಲಿದ್ದು, ಆ ಪ್ರೊಫೈಲ್‌ನಲ್ಲಿ ಗಿರಾಕಿಯ ಪ್ರದೇಶಕ್ಕೆ ಜೋನ್ ಇಲ್ಲದಿದ್ದರೆ ದರ ಬರುವುದಿಲ್ಲ. ಹೊಸ ಗೋದಾಮು ಸೇರಿಸಿ ಸ್ಟಾಕ್ ಅಲ್ಲಿಗೆ ಹಾಕಿದ್ದೀರಿ, ಆದರೆ ಆ ಗೋದಾಮಿಗೆ ಪ್ರೊಫೈಲ್‌ನಲ್ಲಿ ದರ ಕೊಟ್ಟಿಲ್ಲ ಅಂದರೂ ಇದೇ ಕಥೆ.

ಜೋನ್ ಸರಿಯಿದ್ದರೆ ಮುಂದಿನ ಅನುಮಾನ ತೂಕ. ಅಂಗಡಿಯ ಘಟಕ ಕಿಲೋದಲ್ಲಿದೆ, ಪಟ್ಟಿ ಅಪ್‌ಲೋಡ್ ಮಾಡಿದವರು 250 ಗ್ರಾಮಿನ ವಸ್ತುವಿಗೆ 250 ಅಂತಲೇ ಹಾಕಿದ್ದಾರೆ. ಸಿಸ್ಟಮ್ ಪಾಲಿಗೆ ಅದು ಕಾಲು ಟನ್. ಯಾವ ಕೊರಿಯರ್ ದರವೂ ಅಷ್ಟಕ್ಕೆ ಸಿಗುವುದಿಲ್ಲ, ಆಯ್ಕೆ ಮಾಯ. ತೂಕದ ಕಾಲಂ ಖಾಲಿ ಬಿಟ್ಟಿದ್ದರೆ ಇದಕ್ಕೆ ಉಲ್ಟಾ ತೊಂದರೆಯಾಗಬಹುದು: ಸೊನ್ನೆ ತೂಕಕ್ಕೆ ಅತಿ ಕಡಿಮೆ ದರ ಬಂದು ನಷ್ಟ ನಿಮ್ಮ ತಲೆಗೆ. ಪ್ರಾಡಕ್ಟ್ ಪಟ್ಟಿಯನ್ನು ಎಕ್ಸ್‌ಪೋರ್ಟ್ ಮಾಡಿ, ತೂಕದ ಕಾಲಂ ಪ್ರಕಾರ ಜೋಡಿಸಿ ಮೇಲಿನ ಹತ್ತು ಸಾಲು, ಕೆಳಗಿನ ಹತ್ತು ಸಾಲು ನೋಡಿದರೆ ಸಾಕು. ತಪ್ಪು ಕಣ್ಣಿಗೆ ರಾಚುತ್ತದೆ.

ದರದ ಹಂತಗಳ ನಡುವಿನ ಸಂದು ಇನ್ನೊಂದು ಜಾಗ. ಕಾರ್ಟ್ ಮೊತ್ತ 0ರಿಂದ 499ರವರೆಗೆ ಒಂದು ದರ, 500 ಮತ್ತು ಮೇಲ್ಪಟ್ಟು ಇನ್ನೊಂದು. ನೋಡಲು ಸರಿಯಾಗೇ ಇದೆ. ಆದರೆ ಕೂಪನ್ ಹಾಕಿದ ಮೇಲೆ ಮೊತ್ತ 499.50 ಆಯಿತು ಅಂದುಕೊಳ್ಳಿ. ಅದು ಯಾವ ಹಂತಕ್ಕೂ ಸೇರುವುದಿಲ್ಲ, ದರವೂ ಇಲ್ಲ. ತೂಕಕ್ಕೂ ಇದೇ ಮಾತು: 0.99 ಕಿಲೋಗೆ ಒಂದು ಹಂತ ಮುಗಿದು 1 ಕಿಲೋಗೆ ಇನ್ನೊಂದು ಶುರುವಾದರೆ 995 ಗ್ರಾಮಿನ ಪಾರ್ಸೆಲ್‌ಗೆ ಜಾಗವಿಲ್ಲ. ಮೊದಲ ಹಂತದ ಕೊನೆಯನ್ನು 499.99 ಮಾಡಿ. ತೂಕದಲ್ಲಿ ಮೂರು ದಶಮಾಂಶ ಸ್ಥಾನ ಬಳಸಿ.

ಕೊರಿಯರ್‌ನ ಸರ್ವರ್‌ನಿಂದ ನೇರವಾಗಿ ದರ ತರಿಸಿಕೊಳ್ಳುತ್ತಿದ್ದರೆ ಇನ್ನೊಂದು ಬಗೆಯ ಕಾಟ ಇದೆ: ಕೆಲವೊಮ್ಮೆ ಬರುತ್ತದೆ, ಕೆಲವೊಮ್ಮೆ ಬರುವುದಿಲ್ಲ. ಬೆಳಿಗ್ಗೆ ಸರಿ, ಸೇಲ್ ನಡೆಯುವ ರಾತ್ರಿ ಕೈಕೊಡುತ್ತದೆ. ಎಪಿಐ (ಎರಡು ಸಿಸ್ಟಮ್‌ಗಳು ಮಾತಾಡುವ ದಾರಿ) ಉತ್ತರ ತಡವಾದರೆ ಚೆಕೌಟ್ ಕಾಯದೆ ಮುಂದೆ ಹೋಗುತ್ತದೆ, ಗಿರಾಕಿಗೆ ಆಯ್ಕೆ ಕಾಣುವುದಿಲ್ಲ. ಸಿಸ್ಟಮ್ ಬರೆದಿಡುವ ಲಾಗ್‌ನಲ್ಲಿ ಟೈಮ್‌ಔಟ್, ಅಂದರೆ ಕಾಯುವ ಅವಧಿ ಮೀರಿದ ಗುರುತು, ಹುಡುಕಿ. ಪರಿಹಾರ ಸರಳ: ಬದಲಿಗೆ ಒಂದು ನಿಗದಿತ ದರ ಯಾವಾಗಲೂ ಸಿದ್ಧ ಇರಲಿ. ಆ ದರದಲ್ಲಿ ಒಂದಷ್ಟು ಪಾರ್ಸೆಲ್‌ಗಳಿಗೆ ಸ್ವಲ್ಪ ಕೈಯಿಂದ ಹೋದರೂ ಆರ್ಡರ್ ಕಳೆದುಕೊಳ್ಳುವುದಕ್ಕಿಂತ ವಾಸಿ.

ಲಕ್ಷಣ: ದರ ಬರುತ್ತಿದೆ, ಆದರೆ ನಂಬುವ ಹಾಗಿಲ್ಲ

ಸಣ್ಣ ವಸ್ತುವಿಗೆ ದೊಡ್ಡ ಶಿಪ್ಪಿಂಗ್ ಬಂದರೆ ಮೊದಲು ಡಬ್ಬದ ಅಳತೆ ನೋಡಿ. ಕೊರಿಯರ್‌ನವರು ನಿಜವಾದ ತೂಕ ಮತ್ತು ಗಾತ್ರದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು ತೆಗೆದುಕೊಳ್ಳುತ್ತಾರೆ. ಗಾತ್ರದ ತೂಕ ಅಂದರೆ ಸೆಂಟಿಮೀಟರ್‌ನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ ಒಂದು ಸಂಖ್ಯೆಯಿಂದ ಭಾಗಿಸುವುದು. ಆ ಸಂಖ್ಯೆ ಬಹಳ ಕಡೆ 5000, ಕೆಲವು ಕಡೆ 4000 ಅಥವಾ 6000. ಉದಾಹರಣೆಗೆ 40 × 30 × 20 ಸೆಂ.ಮೀ. ಡಬ್ಬ: ಗುಣಿಸಿದರೆ 24,000, 5000ದಿಂದ ಭಾಗಿಸಿದರೆ 4.8 ಕಿಲೋ. ಒಳಗಿರುವ ವಸ್ತು ಒಂದೂವರೆ ಕಿಲೋ ಇದ್ದರೂ ಬಿಲ್ 4.8ಕ್ಕೇ, ಅದೂ ಸಾಮಾನ್ಯವಾಗಿ ಮೇಲಿನ ಹಂತಕ್ಕೆ ಏರಿಸಿ. ಅದೇ ವಸ್ತು 30 × 20 × 15 ಡಬ್ಬದಲ್ಲಿ ಕೂತರೆ ಗಾತ್ರದ ತೂಕ 1.8ಕ್ಕೆ ಇಳಿಯುತ್ತದೆ. ಇಲ್ಲಿ ಸರಿಮಾಡಬೇಕಾದ್ದು ಚೆಕೌಟ್ ಅಲ್ಲ, ಪ್ಯಾಕಿಂಗ್ ಟೇಬಲ್. ಅಲ್ಲಿ ಯಾರಿಗೂ ಇದು ಶಿಪ್ಪಿಂಗ್ ದರದ ಸಮಸ್ಯೆ ಅಂತ ಅನಿಸಿರುವುದಿಲ್ಲ, ಅಲ್ವಾ?

ಎರಡು ಮೂರು ವಸ್ತು ಹಾಕಿದಾಗ ಮಾತ್ರ ದರ ಹಾರಿದರೆ ಕೂಡಿಕೆ ನಡೆಯುತ್ತಿದೆ. ಶಾಪಿಫೈನಲ್ಲಿ ಬೇರೆ ಬೇರೆ ಪ್ರೊಫೈಲ್‌ಗಳ ವಸ್ತುಗಳು ಒಂದೇ ಕಾರ್ಟ್‌ಗೆ ಬಂದರೆ ಆ ಪ್ರೊಫೈಲ್‌ಗಳ ದರಗಳು ಸೇರಿಕೊಳ್ಳುತ್ತವೆ. ವೂಕಾಮರ್ಸ್ ಫ್ಲಾಟ್ ರೇಟ್‌ನಲ್ಲಿ (ನಿಗದಿತ ದರ) ಶಿಪ್ಪಿಂಗ್ ಕ್ಲಾಸ್‌ಗೊಂದರಂತೆ (ಒಂದೇ ಬಗೆಯ ಶಿಪ್ಪಿಂಗ್ ಬೇಕಾಗುವ ವಸ್ತುಗಳ ಗುಂಪು) ಕೂಡಿಸಬೇಕೋ, ಅತಿ ದುಬಾರಿ ಕ್ಲಾಸ್ ಒಂದನ್ನೇ ಹಿಡಿಯಬೇಕೋ ಅನ್ನುವ ಆಯ್ಕೆ ಇದೆ. ಎಲ್ಲವೂ ಒಂದೇ ಡಬ್ಬದಲ್ಲಿ ಹೋಗುವುದಾದರೆ ಕೂಡಿಸುವುದು ಅನ್ಯಾಯ. ಹೆಚ್ಚು ಕೊಳ್ಳಲು ಬಂದವನಿಗೇ ದಂಡ ಹಾಕಿದಂತಾಗುತ್ತದೆ.

ಕೂಪನ್ ತರುವ ಜಗಳ ಇದಕ್ಕಿಂತ ಸೂಕ್ಷ್ಮ. 1000ಕ್ಕೆ ಮೇಲ್ಪಟ್ಟರೆ ಫ್ರೀ ಶಿಪ್ಪಿಂಗ್ ಅಂತ ಬ್ಯಾನರ್ ಹಾಕಿದ್ದೀರಿ. ಗಿರಾಕಿ 1050ರ ಕಾರ್ಟ್ ಮಾಡಿದ, ಫ್ರೀ ಅಂತ ಕಾಣಿಸಿತು. ಆಮೇಲೆ ನೀವೇ ಕಳಿಸಿದ 10 ಶೇಕಡಾ ಕೂಪನ್ ಹಾಕಿದ. ಮೊತ್ತ 945. ತಕ್ಷಣ 80 ಶಿಪ್ಪಿಂಗ್ ಪ್ರತ್ಯಕ್ಷ. ರಿಯಾಯಿತಿ ಸಿಕ್ಕಿದ್ದು 105, ಅದರಲ್ಲಿ 80 ವಾಪಸ್ ಹೋಯಿತು. ಲೆಕ್ಕ ನೋಡಿದರೆ ಅವನಿಗೆ ಇನ್ನೂ 25 ಲಾಭವೇ. ಆದರೆ ಪರದೆಯ ಮೇಲೆ ಕಂಡದ್ದು ಮೋಸ. ವೂಕಾಮರ್ಸ್‌ನ ಫ್ರೀ ಶಿಪ್ಪಿಂಗ್ ಸೆಟ್ಟಿಂಗ್ಸ್‌ನಲ್ಲಿ ಕನಿಷ್ಠ ಮೊತ್ತವನ್ನು ಕೂಪನ್‌ಗೆ ಮೊದಲೇ ಲೆಕ್ಕ ಹಾಕು ಅನ್ನುವ ಟಿಕ್ ಇದೆ. ಮಾಮೂಲಿಯಾಗಿ ಅದು ಆಫ್ ಇರುತ್ತದೆ. ನನ್ನ ಮಟ್ಟಿಗೆ ಅದನ್ನು ಆನ್ ಮಾಡಿಡುವುದೇ ಸರಿ. ಲಾಭ ಸಾಲದಿದ್ದರೆ ಕೂಪನ್ ಚಿಕ್ಕದು ಮಾಡಿ, ಕೊಟ್ಟ ಮಾತು ಹಿಂತೆಗೆದುಕೊಳ್ಳಬೇಡಿ.

ದರ ಬದಲಾಯಿಸಿದರೂ ಹಳೆಯದೇ ತೋರಿಸುತ್ತಿದ್ದರೆ ಕ್ಯಾಶ್ ಪ್ಲಗಿನ್ (ಬೇಗ ತೆರೆಯಲೆಂದು ಪುಟದ ಹಳೆಯ ಪ್ರತಿ ಉಳಿಸಿಟ್ಟು ತೋರಿಸುವ ಸಾಧನ) ನೋಡಿ. ಕಾರ್ಟ್ ಮತ್ತು ಚೆಕೌಟ್ ಪುಟಗಳನ್ನು ಯಾವತ್ತೂ ಕ್ಯಾಶ್ ಮಾಡಬಾರದು.

ಲಕ್ಷಣ: ಆಯ್ಕೆ ಇದೆ, ದರವೂ ಸರಿ, ಆದರೂ ಹೋಗುತ್ತಾರೆ

ಇಲ್ಲಿ ಪರದೆಯನ್ನು ಗಿರಾಕಿಯ ಕಣ್ಣಿಂದ ಓದಬೇಕು. ಬಹಳ ಅಂಗಡಿಗಳ ಚೆಕೌಟ್‌ನಲ್ಲಿ ಕಾಣುವುದು ಈ ರೀತಿ:

ಸರ್ಫೇಸ್ ಸ್ಟ್ಯಾಂಡರ್ಡ್ ಜೋನ್ ಬಿ – 80
ಏರ್ ಪ್ರಯಾರಿಟಿ – 150
ಏರ್ ಪ್ರಯಾರಿಟಿ ಪ್ಲಸ್ – 155
ಇಕಾನಮಿ 3–7 ದಿನ – 78

ನಾಲ್ಕು ಆಯ್ಕೆ, ಒಂದಕ್ಕೂ ಅರ್ಥವಿಲ್ಲ. ಸರ್ಫೇಸ್, ಏರ್ ಅನ್ನುವುದು ಕೊರಿಯರ್‌ನವರ ಭಾಷೆ. 78ಕ್ಕೂ 80ಕ್ಕೂ ಏನು ವ್ಯತ್ಯಾಸ? 5 ಜಾಸ್ತಿ ಕೊಟ್ಟರೆ "ಪ್ಲಸ್"ನಲ್ಲಿ ಏನು ಸಿಗುತ್ತದೆ? "3–7 ದಿನ" ಯಾವತ್ತಿನಿಂದ? ದುಡ್ಡು ಕೊಡಲು ಸಿದ್ಧನಿದ್ದವನನ್ನೂ ಯೋಚನೆಗೆ ಹಚ್ಚುವ ಪಟ್ಟಿ ಇದು. ಇದೇ ವಿಷಯ ಹೀಗೂ ಬರೆಯಬಹುದು:

ಸಾಮಾನ್ಯ ಡೆಲಿವರಿ – ಮಂಗಳವಾರ 14ರಿಂದ ಗುರುವಾರ 16ರೊಳಗೆ – 80
ಬೇಗ ಡೆಲಿವರಿ – ಶನಿವಾರ 11ಕ್ಕೆ – 150

ಗಿರಾಕಿಗೆ ಬೇಕಿರುವುದು ಎರಡೇ: ಎಷ್ಟು, ಯಾವಾಗ. ಅದರಲ್ಲೂ ವೇಗಕ್ಕಿಂತ ತಾರೀಕು ಮುಖ್ಯ. "2 ದಿನದಲ್ಲಿ" ಅಂದಾಗ ಪ್ಯಾಕಿಂಗ್ ಸಮಯ ಸೇರಿದೆಯಾ, ಭಾನುವಾರ ಲೆಕ್ಕಕ್ಕಿದೆಯಾ ಅಂತ ಅವನೇ ಊಹಿಸಬೇಕು. ಶುಕ್ರವಾರ ಸಂಜೆ 5ಕ್ಕೆ ಆರ್ಡರ್ ಬಂತು. ಅವತ್ತಿನ ಪಾರ್ಸೆಲ್ 2 ಗಂಟೆಗೇ ಹೊರಟುಹೋಗಿದೆ. ಶನಿವಾರ, ಭಾನುವಾರ ಗೋದಾಮು ರಜೆ. ಸೋಮವಾರ ಹೊರಟು ಬುಧವಾರ ಮುಟ್ಟುತ್ತದೆ. ನಿಮ್ಮ ಲೆಕ್ಕದಲ್ಲಿ ಎರಡೇ ದಿನ, ಅವನ ಲೆಕ್ಕದಲ್ಲಿ ಐದು. ಪ್ಯಾಕಿಂಗ್ ಸಮಯ, ಕಟ್-ಆಫ್ ಗಂಟೆ (ಅವತ್ತೇ ಕಳಿಸಲು ಕೊನೆಯ ಗಡುವು), ರಜಾದಿನ, ಸಾಗಣೆ ದಿನ ನಾಲ್ಕನ್ನೂ ಕೂಡಿಸಿ ತಾರೀಕು ತೋರಿಸುವ ಪ್ಲಗಿನ್‌ಗಳಿವೆ. ಅವು ಹಾಕಲಾಗದಿದ್ದರೆ ಕನಿಷ್ಠ "ಇಂದು 2 ಗಂಟೆಯೊಳಗೆ ಆರ್ಡರ್ ಮಾಡಿದರೆ ಇಂದೇ ರವಾನೆ" ಅಂತಾದರೂ ಬರೆಯಿರಿ.

ತಾರೀಕು ಕೊಡುವಾಗ ಕೊರಿಯರ್‌ನವರ ಜಾಹೀರಾತು ನಂಬಬೇಡಿ. ಕಳೆದ ಕೆಲವು ತಿಂಗಳ ಟ್ರ್ಯಾಕಿಂಗ್ ಡೇಟಾ ತೆಗೆದು ಪ್ರತಿ ಜೋನ್‌ಗೆ ನೂರರಲ್ಲಿ ತೊಂಬತ್ತು ಪಾರ್ಸೆಲ್ ಎಷ್ಟು ದಿನದಲ್ಲಿ ತಲುಪಿವೆ ನೋಡಿ. ಆ ದಿನವನ್ನೇ ಹೇಳಿ.

ಆಯ್ಕೆಗಳು ಎಷ್ಟಿರಬೇಕು? ಎರಡು ಅಥವಾ ಮೂರು. ಅಗ್ಗದ್ದು, ಬೇಗನೆಯದು, ಸಾಧ್ಯವಿದ್ದರೆ ತಾವೇ ಬಂದು ಒಯ್ಯುವುದು. ಶಿಪ್ಪಿಂಗ್ ಟಿಯರ್ ವರದಿಯಲ್ಲಿ ಯಾರೂ ಮುಟ್ಟದ ಆಯ್ಕೆ ಕಂಡರೆ ತೆಗೆದುಹಾಕಿ. ಅಗ್ಗದ್ದೇ ಮೊದಲು ಆಯ್ಕೆಯಾಗಿರಲಿ. ದುಬಾರಿಯನ್ನು ಮೊದಲೇ ಟಿಕ್ ಮಾಡಿಟ್ಟು ನಾಲ್ಕು ಕಾಸು ಜಾಸ್ತಿ ಮಾಡಿಕೊಳ್ಳುವ ಉಪಾಯ ಕೆಲವರು ಹೇಳುತ್ತಾರೆ. ಒಟ್ಟು ಮೊತ್ತ ನೋಡಿ ಬೆಚ್ಚಿ ಹೋಗುವವರು ಯಾಕೆ ಹೋದರು ಅಂತ ಆ ಉಪಾಯ ಹೇಳಿದವರಿಗೆ ತಿಳಿಯುವುದಿಲ್ಲ.

ಇನ್ನು, ದರ ಎಲ್ಲಿ ಮೊದಲು ಕಾಣುತ್ತದೆ ಅನ್ನುವುದೂ ದರದಷ್ಟೇ ಮುಖ್ಯ. ಹೆಸರು, ಫೋನ್, ವಿಳಾಸ ಎಲ್ಲಾ ತುಂಬಿಸಿಕೊಂಡು ಕೊನೆಗೆ 80 ಅಂತ ಹೇಳಿದರೆ ಸಿಟ್ಟು ಬರುತ್ತದೆ. ಅದೇ 80 ವಸ್ತುವಿನ ಪುಟದಲ್ಲೇ ಗೊತ್ತಿದ್ದರೆ ಅವನು ಒಪ್ಪಿಯೇ ಮುಂದೆ ಬಂದಿರುತ್ತಾನೆ. ವಸ್ತುವಿನ ಪುಟದಲ್ಲಿ ಪಿನ್ ಕೋಡ್ ಹಾಕಿ ನೋಡುವ ಪೆಟ್ಟಿಗೆ ಇಡಿ, ಇಲ್ಲವೇ "ಶಿಪ್ಪಿಂಗ್ 80ರಿಂದ" ಅಂತ ಒಂದು ಸಾಲು ಹಾಕಿ. ಕಾರ್ಟ್ ಪುಟದಲ್ಲಿ ಅಂದಾಜು ದರ ಇರಲೇಬೇಕು. "ಶಿಪ್ಪಿಂಗ್ ಮುಂದಿನ ಹಂತದಲ್ಲಿ ಲೆಕ್ಕ ಹಾಕಲಾಗುವುದು" ಅನ್ನುವ ಸಾಲು ಅನುಮಾನ ಬಿತ್ತುವುದಕ್ಕೆ ಬಿಟ್ಟರೆ ಇನ್ಯಾವುದಕ್ಕೂ ಉಪಯೋಗವಿಲ್ಲ.

ಈಗ ಫ್ರೀ ಶಿಪ್ಪಿಂಗ್

ಮೇಲಿನದ್ದೆಲ್ಲಾ ಸರಿಯಿದ್ದು, ದರವೇ ತಡೆ ಅಂತ ಖಾತ್ರಿಯಾದರೆ ಮಾತ್ರ ಇಲ್ಲಿಗೆ ಬನ್ನಿ. ಇಷ್ಟು ಮೊತ್ತಕ್ಕೆ ಮೇಲ್ಪಟ್ಟರೆ ಫ್ರೀ ಅನ್ನುವ ಮಿತಿಯನ್ನು ಬಹಳ ಜನ ಸರಾಸರಿ ಆರ್ಡರ್ ಮೊತ್ತ ನೋಡಿ ಇಡುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ. ಹತ್ತು ಆರ್ಡರ್ ತೆಗೆದುಕೊಳ್ಳಿ: 400, 450, 500, 550, 600, 600, 650, 700, 750, 4800. ಸರಾಸರಿ 1000. ಆದರೆ ಹತ್ತರಲ್ಲಿ ಒಂಬತ್ತು ಜನ 750 ದಾಟಿಲ್ಲ. ನಡುವಿನ ಗಿರಾಕಿ ಕೊಳ್ಳುವುದು 600ಕ್ಕೆ. ಸರಾಸರಿ ನಂಬಿ 1200ರ ಮಿತಿ ಇಟ್ಟರೆ ಅವನು ತನ್ನ ಖರೀದಿಯ ದುಪ್ಪಟ್ಟು ಮಾಡಬೇಕು. ಮಾಡುವುದಿಲ್ಲ.

ಹಾಗಾದರೆ ಎಷ್ಟಿಡಬೇಕು? ನಿಮ್ಮ ಲಾಭ 40 ಶೇಕಡಾ, ಶಿಪ್ಪಿಂಗ್ ಖರ್ಚು 80 ಅಂದುಕೊಳ್ಳೋಣ. ಇಲ್ಲಿಯವರೆಗೆ ಆ 80 ಗಿರಾಕಿಯೇ ಕೊಡುತ್ತಿದ್ದ. ಮಿತಿ 750 ಇಟ್ಟು 600ರವನು ಇನ್ನೂ 150ರ ವಸ್ತು ಸೇರಿಸಿದರೆ ಬರುವ ಹೆಚ್ಚುವರಿ ಲಾಭ 60, ಹೋಗುವುದು 80. ಪ್ರತಿ ಆರ್ಡರ್‌ಗೆ 20 ಕೈಬಿಟ್ಟು ಹೋಯಿತು. 800 ಇಟ್ಟರೆ ಸರಿಸಮ. ಹಾಗಂತ 800ಕ್ಕಿಂತ ಕಡಿಮೆ ಇಡಲೇಬಾರದು ಅಂತಲ್ಲ. ಮೊದಲು ಬಿಟ್ಟುಹೋಗುತ್ತಿದ್ದ ಹೊಸಬ 750ಕ್ಕೆ ಕೊಂಡರೆ ಅವನಿಂದ ಬರುವುದು 300, ಶಿಪ್ಪಿಂಗ್ ಕಳೆದರೂ 220 ಉಳಿಯುತ್ತದೆ. ಅಂಥ ಹೊಸಬರು ಎಷ್ಟು ಜನ ಬರುತ್ತಾರೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ.

ಇನ್ನೊಂದನ್ನು ಬಹಳ ಜನ ನೋಡುವುದಿಲ್ಲ: ಆ ಅಂತರ ತುಂಬಿಸುವ ವಸ್ತು ನಿಮ್ಮ ಅಂಗಡಿಯಲ್ಲಿದೆಯಾ? ಗಿರಾಕಿ 600ರಲ್ಲಿದ್ದಾನೆ, ಮಿತಿ 800, ನಿಮ್ಮಲ್ಲಿ ಅತಿ ಅಗ್ಗದ ವಸ್ತುವೇ 500. ಆಗ "ಇನ್ನು 200 ಸೇರಿಸಿದರೆ ಫ್ರೀ" ಅನ್ನುವ ಪಟ್ಟಿ ಅವನನ್ನು ಕೆಣಕುತ್ತದೆ ಅಷ್ಟೇ. 150ರಿಂದ 250ರೊಳಗಿನ ನಾಲ್ಕೈದು ವಸ್ತು ಆ ಪಟ್ಟಿಯ ಕೆಳಗೇ ಇರಬೇಕು.

ಭಾರದ ವಸ್ತು, ದೂರದ ಜೋನ್‌ಗಳನ್ನು ಫ್ರೀಯಿಂದ ಹೊರಗಿಡಬಹುದು. ಆದರೆ ಬ್ಯಾನರ್‌ನಲ್ಲೇ ಹೇಳಿ.

ಸರಿಪಡಿಸಿದ್ದು ಕೆಲಸ ಮಾಡುತ್ತಿದೆಯಾ?

ಸೆಟ್ಟಿಂಗ್ಸ್ ತಪ್ಪುಗಳನ್ನು ಸಿಕ್ಕ ಕೂಡಲೇ ಸರಿಮಾಡಿ, ಅದಕ್ಕೆ ಪರೀಕ್ಷೆ ಬೇಕಿಲ್ಲ. ಹೆಸರು, ತಾರೀಕು, ಮಿತಿ ಇಂಥವನ್ನು ಮಾತ್ರ ಒಂದೊಂದಾಗಿ ಬದಲಿಸಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಹೇಳಲಾಗುವುದಿಲ್ಲ. ಹೋಲಿಕೆ ಪೂರ್ತಿ ವಾರಗಳ ಲೆಕ್ಕದಲ್ಲಿರಲಿ, ಯಾಕೆಂದರೆ ಸೋಮವಾರದ ಗಿರಾಕಿಯೂ ಭಾನುವಾರದ ಗಿರಾಕಿಯೂ ಒಂದೇ ತರಹ ಕೊಳ್ಳುವುದಿಲ್ಲ. ಸೇಲ್ ನಡೆದ ವಾರವನ್ನು ಮಾಮೂಲಿ ವಾರದ ಪಕ್ಕ ಇಡಬೇಡಿ. ದಿನಕ್ಕೆ ಬೆರಳೆಣಿಕೆಯಷ್ಟು ಆರ್ಡರ್ ಬರುವ ಅಂಗಡಿಯಾದರೆ ಎ/ಬಿ ಟೆಸ್ಟ್‌ನಿಂದ (ಅರ್ಧ ಜನಕ್ಕೆ ಹಳೆಯದು, ಅರ್ಧ ಜನಕ್ಕೆ ಹೊಸದು ತೋರಿಸಿ ಹೋಲಿಸುವುದು) ಏನೂ ತಿಳಿಯುವುದಿಲ್ಲ. ಅದರ ಬದಲು ಕೊಳ್ಳದೆ ಹೋದ ಕೆಲವರಿಗೆ ಫೋನ್ ಮಾಡಿ ಕೇಳುವುದು ಮೇಲು.

ನೋಡಬೇಕಾದ ಅಂಕಿ ಆರ್ಡರ್ ಸಂಖ್ಯೆ ಒಂದೇ ಅಲ್ಲ. ಶಿಪ್ಪಿಂಗ್ ಕಳೆದು ಪ್ರತಿ ನೂರು ಭೇಟಿಗೆ ಕೈಯಲ್ಲಿ ಎಷ್ಟು ಉಳಿಯಿತು ಅನ್ನುವುದನ್ನು ನೋಡಿ. ಜೊತೆಗೆ "ನನ್ನ ಪಾರ್ಸೆಲ್ ಎಲ್ಲಿ?" ಅನ್ನುವ ಕರೆಗಳು ಏರಿದವಾ ಇಳಿದವಾ ಗಮನಿಸಿ. ಮಿತಿ ದಾಟಿಸಲು ಸೇರಿಸಿದ ವಸ್ತು ಆಮೇಲೆ ವಾಪಸ್ ಬರುತ್ತಿದ್ದರೆ ಆ ಮಾರಾಟ ಸುಳ್ಳು. ರಿಟರ್ನ್ ನಿಯಮದಲ್ಲಿ ಅದಕ್ಕೊಂದು ಸಾಲು ಬೇಕಾಗುತ್ತದೆ.

ಕೊರಿಯರ್‌ನವರು ದರ ಪರಿಷ್ಕರಿಸಿದಾಗ, ಹೊಸ ವಿಭಾಗದ ವಸ್ತು ಬಂದಾಗ, ಗೋದಾಮು ಬದಲಾದಾಗ, ಪ್ಲಗಿನ್ ಅಪ್‌ಡೇಟ್ ಆದಾಗ ಆ ಐದು ಟೆಸ್ಟ್ ಕಾರ್ಟ್‌ಗಳನ್ನು ಮೂರು ವಿಳಾಸಕ್ಕೂ ಇನ್ನೊಮ್ಮೆ ಓಡಿಸಿ, ಬಂದ ದರಗಳನ್ನು ಒಂದು ಶೀಟ್‌ನಲ್ಲಿ ಹಿಂದಿನ ಸಲದ ದರಗಳ ಪಕ್ಕದ ಕಾಲಂನಲ್ಲಿ ತಾರೀಕು ಸಮೇತ ಬರೆದಿಡಿ.